ಒಬ್ರು ಕೇಳಿದ್ದು: ಒಳ್ಳೇದು ಮಾಡಿದ್ರೆ ಯಾರಿಗೂ ಕಾಣಲ್ಲ, ಮೋಸ ಮಾಡಿದೋರು ಚರ್ಚ್ ಸಭೇಲಿ ಮುಂದೆ ಕೂರ್ತಾರೆ. ಬೈಬಲ್ಲಿನ 1 ತಿಮೊಥೆಯ 5:24ರಲ್ಲಿ ಹೇಳಿದ ಹಾಗೆ ಇದೆಲ್ಲ ಯಾವಾಗ ಬಯಲಿಗೆ ಬರುತ್ತೆ?

ಹಂಗೆ ಮುಂದೆ ಕೂತಿದ್ದೋನು ನಾನೇ, ಅದಕ್ಕೇ ಬರೀತಿದೀನಿ.

2009ರಲ್ಲಿ ದಾವಣಗೆರೆ ಎಪಿಎಂಸೀಲಿ ಒಂದು ದಲಾಲಿ ಅಂಗಡೀಲಿ ರೈಟರ್ ಆಗಿದ್ದೆ. ಜಗಳೂರು ಕಡೆ ಅಜ್ಜ ಒಬ್ರು 40 ಚೀಲ ಮೆಕ್ಕೆಜೋಳ ತಂದಿದ್ರು, ಚೀಲಕ್ಕೆ ಒಂದು ಕೆಜಿ ಕಮ್ಮಿ ಬರ್ದೆ. ಬೆಂಬಲ ಬೆಲೆ ಕ್ವಿಂಟಲ್‌ಗೆ 840 ಇತ್ತು, ಆ ಲೆಕ್ಕದಲ್ಲಿ 336 ರೂಪಾಯಿ. ಅದು ತಪ್ಪೇ, ಆದ್ರೆ ನನ್ನನ್ನ ತಿಂದಿದ್ದು ಮಾರನೇ ದಿನದ್ದು. ಅಜ್ಜ ವಾಪಸ್ ಬಂದು "ತಮ್ಮಾ, ವಾರದ ಹಿಂದೆ ಮನೇಲಿ ತೂಗಿದ್ದೆ, ತಾಳೆ ಆಗ್ತಿಲ್ಲ" ಅಂದ್ರು, ನಾನು "ತೇವ ಆರಿರುತ್ತೆ ಅಜ್ಜಾ" ಅಂದ್ಬಿಟ್ಟೆ. ಕಾಳು ಒಣಗಿದ್ರೆ ತೂಕ ಇಳಿಯೋದು ನಿಜಾನೇ, ಅದಕ್ಕೇ ಆ ಸುಳ್ಳು ಅಷ್ಟು ಸಲೀಸಾಗಿ ನಡೀತು, ಅವ್ರು ತಲೆ ಆಡಿಸಿ ಟವೆಲ್ ಹೆಗಲಿಗೆ ಹಾಕ್ಕೊಂಡು ಹೋದ್ರು. ಅವಾಗ "ಬರೆಯೋದ್ರಲ್ಲಿ ತಪ್ಪಾಗಿದೆ" ಅಂತ ಒಂದು ಮಾತು ಅಂದಿದ್ರೆ ಅಲ್ಲಿಗೇ ಮುಗೀತಿತ್ತು, ಅನ್ಲಿಲ್ಲ, ಐದು ವರ್ಷ ಹೊತ್ಕೊಂಡು ತಿರುಗ್ದೆ.

ಆಮೇಲೆ ಸಭೆ ಹಿರಿಯರ ಪಟ್ಟೀಲಿ ನನ್ನ ಹೆಸರು ಬಂತು. ಆ ಅಂಗಡೀಲಿ ಹಮಾಲಿ ಮಾಡ್ತಿದ್ದ ಅಣ್ಣ ನಮ್ಮ ಸಭೆಯೋರೇ. ಚೆಲ್ಲಿದ ಕಾಳನ್ನ ಗೋರಿ, ಮೊರದಲ್ಲಿ ಕೇರಿ, ಕಲ್ಲು ಆರಿಸಿ ಆಯಾ ರೈತನ ಚೀಲಕ್ಕೇ ಹಾಕ್ತಿದ್ರು, ಯಾರೂ ಅದನ್ನ ಗಮನಿಸಿದ್ದಿಲ್ಲ. ಆರಾಧನೆ ಮುಗಿದ ಮೇಲೆ ನಲ್ಲಿ ಹತ್ರ ಕರ್ದು, ಮೆಲ್ಲಗೆ, "ಜಗಳೂರು ಅಜ್ಜನ ಲೆಕ್ಕ ನೀನೇ ಹೇಳ್ತೀಯಾ?" ಅಂದ್ರು. ಕಾಟಾ ಮೇಲೆ ಚೀಲ ಇಟ್ಟಿದ್ದೋರೇ ಅವ್ರು. ಸಭೆ ಮುಂದೆ ಎದ್ದು ಹೇಳ್ದೆ, ಹೆಸರು ವಾಪಸ್ ತಗೊಂಡೆ.

"ಯಾವಾಗ" ಅಂತ ಕೇಳೋದೇ ಸರಿಯಿಲ್ಲ ಅನ್ನೋದು ನನ್ನ ಅಭಿಪ್ರಾಯ. ಕೆಲವರ ಪಾಪ ಮುಂದೆ ಹೋಗುತ್ತೆ, ಕೆಲವರದ್ದು ಹಿಂದಿಂದ ಬರುತ್ತೆ ಅಂತ ಪೌಲ ಹೇಳಿದ್ದು ಎಫೆಸದಲ್ಲಿದ್ದ ತಿಮೊಥೆಯನಿಗೆ, ಹಿರಿಯರನ್ನ ನೇಮಿಸೋ ವಿಷಯದಲ್ಲಿ. ಎರಡು ವಚನ ಹಿಂದೆ ಓದಿ, ಅವಸರದಲ್ಲಿ ಯಾರ ಮೇಲೂ ಹಸ್ತ ಇಡಬೇಡ, ಅಂದ್ರೆ ಅವಸರದಲ್ಲಿ ನೇಮಿಸಬೇಡ ಅಂತಾನೆ. ಬೇರೆಯವರ ಬಣ್ಣ ಯಾವಾಗ ಬಯಲಾಗುತ್ತೋ ಅಂತ ಕಾಯ್ತಾ ಕೂರಬೇಡಿ, ಮತ್ತಾಯ 18:15ರಲ್ಲಿ ಯೇಸು ಹೇಳಿದ ಹಾಗೆ ತಪ್ಪು ಮಾಡಿದೋನೊಬ್ಬನನ್ನೇ ಪಕ್ಕಕ್ಕೆ ಕರ್ದು ಕೇಳಿ.

ಬೈಬಲ್ಲಲ್ಲಿ ಸುಂಕದೋನು ಜಕ್ಕಾಯ, ಮೋಸದಿಂದ ತಗೊಂಡಿದ್ರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದಿದ್ದು ನೆನಪಾಗಿ 1344 ರೂಪಾಯಿ ಹಿಡ್ಕೊಂಡು ಜಗಳೂರು ಕಡೆ ಹೋದೆ. ಅಜ್ಜ ತೀರ್ಕೊಂಡಿದ್ರು. ಮಗ ಟ್ರಂಕಿಂದ ಒಂದು ನೋಟ್‌ಬುಕ್ ತೆಗ್ದ, 40 ಚೀಲದ ತೂಕ ಪೆನ್ಸಿಲಲ್ಲಿ ಸಾಲಾಗಿ ಬರ್ದಿತ್ತು, ಕೆಳಗೆ ನಮ್ಮ ಅಂಗಡಿ ಲೆಕ್ಕ, ಕಮ್ಮಿ ಬಿದ್ದ 40 ಕೆಜಿ ಪಕ್ಕದಲ್ಲಿ ಅಜ್ಜನ ಕೈಬರಹದಲ್ಲಿ "ತೇವ" ಅಂತ.