ಮಾಗಡಿ ಕೆರೆಗೆ ಮಕ್ಕಳೊಂದಿಗೆ

ಪ್ರಶ್ನೆ: ಚಳಿಗಾಲದಲ್ಲಿ ಮಕ್ಕಳಿಗೆ ಗದಗ ಜಿಲ್ಲೆಯ ಮಾಗಡಿ ಕೆರೆಯ ಹಕ್ಕಿ ತೋರಿಸಬೇಕೆಂದಿದ್ದೇವೆ. ಎಷ್ಟೊತ್ತಿಗೆ ಹೋಗಬೇಕು, ಏನು ಒಯ್ಯಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಇದಕ್ಕಾಗಿ ಮಕ್ಕಳನ್ನು ನಸುಕಿನಲ್ಲಿ ಎಬ್ಬಿಸಬೇಡಿ. ಅಲ್ಲಿಯ ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು. ಅದು ಬೆಳಗಿನ ಜಾವ ಹೊಲಗಳಲ್ಲಿ ಮೇಯುತ್ತಿರುತ್ತದೆ; ಬಿಸಿಲೇರಿದಂತೆ ಕೆರೆಗೆ ಮರಳಿ ಮಧ್ಯಾಹ್ನವೆಲ್ಲ ನೀರಲ್ಲೇ ತೇಲುತ್ತ ದಣಿವಾರಿಸಿಕೊಳ್ಳುತ್ತದೆ. ಹತ್ತು, ಹನ್ನೊಂದಕ್ಕೆ ಮುಟ್ಟಿದರೆ ಸಾಕು. ಬಿಳಿ ತಲೆಯ ಹಿಂಬದಿ ಎರಡು ಕಪ್ಪು ಪಟ್ಟಿ, ಹಳದಿ ಕೊಕ್ಕು ಕಂಡರೆ ಅದೇ.

ದುರ್ಬೀನು 8 ಪಟ್ಟು ದೊಡ್ಡದಾಗಿ ತೋರಿಸುವಂಥದ್ದೇ ಇರಲಿ. 12 ಪಟ್ಟಿನದು ಎಳೆಯ ಕೈಯಲ್ಲಿ ನಡುಗಿ ಹಕ್ಕಿ ಕಣ್ಣಿಗೆ ನಿಲ್ಲುವುದಿಲ್ಲ. ಬಿಸಿಲು ಬೆನ್ನಿಗಿರುವಂತೆ ನಿಲ್ಲಿ. ನೀರಂಚಿಗೆ ಮಾತ್ರ ದಯವಿಟ್ಟು ಇಳಿಯಬೇಡಿ: ಒಂದು ಬೆದರಿದರೆ ಹಿಂಡೇ ಏಳುತ್ತದೆ. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತುವುದುಂಟು, ವಿಚಾರಿಸಿಯೇ ಹೊರಡಿ.