ಓದುಗರ ಪ್ರಶ್ನೆ: ಹಳೆ ಮೊಬೈಲ್ ಬೋರ್ಡ್‌ನಾಗ ಬಂಗಾರ ಐತೇನ್ರಿ?

ಪ್ರಶ್ನೆ: ಸರ್, ಸಿಂಧನೂರಾಗ ನಂದು ಮೊಬೈಲ್ ರಿಪೇರಿ ಅಂಗಡಿ ಐತ್ರಿ. ಸತ್ತ ಬೋರ್ಡ್‌ಗಳು ಎರಡು ಚೀಲ ತುಂಬಿ ಬಿದ್ದಾವ, ಗುಜರಿಯವ್ರು ಕೆಜಿ ಲೆಕ್ಕದಾಗ ಕೇಳ್ತಾರ, ಕೊಡಾಕ ಮನಸು ಬರವಲ್ದು. ಯೂಟ್ಯೂಬ್‌ನಾಗ ಆಸಿಡ್ ಹಾಕಿ ಬಂಗಾರ ತೆಗಿಯೋದು ತೋರಿಸ್ತಾರಲ್ರಿ, ಮನಿ ಹಿತ್ತಲದಾಗ ಮಾಡಬಹುದಾ?

ಉತ್ತರ: ಬಂಗಾರ ಇರೋದು ಖರೇನ, ಹಿತ್ತಲದಾಗ ಮಾತ್ರ ಖಂಡಿತ ಬ್ಯಾಡ್ರಿ. ನಿಮ್ಮ ಪಕ್ಕದ ಲಿಂಗಸುಗೂರು ತಾಲೂಕಿನ ಹಟ್ಟಿ ಗಣಿಯಾಗ ನೆಲದ ಆಳದಿಂದ ತಂದ ಒಂದು ಟನ್ ಅದಿರು ಅರೆದ್ರ ಸಿಗೋದು ಕೆಲವೇ ಗ್ರಾಂ, ಅದೇ ಬ್ಯಾಟರಿ ತೆಗೆದ ಹಳೆ ಮೊಬೈಲ್ ಒಂದು ಟನ್‌ಗೆ ಸುಮಾರು 300 ಗ್ರಾಂ ಅಂತ ಲೆಕ್ಕ ಹಾಕ್ತಾರ. ಆದ್ರ ಒಂದು ಟನ್ ಅಂದ್ರ ಹತ್ತು ಸಾವಿರದ ಹತ್ರ ಮೊಬೈಲು, ಒಂದಕ್ಕ ಬಂದದ್ದು 30 ಮಿಲಿಗ್ರಾಂ ಅಷ್ಟ.

ಸಿಮ್ ಕೂರೋ ಜಾಗದ ಹಳದಿ ಪಿನ್ನು ದಿನಾ ನೋಡ್ತೀರಿ, ಒಳಗ ತಾಮ್ರ, ಅದರ ಮ್ಯಾಲೆ ನಿಕ್ಕಲ್, ಅದರ ಮ್ಯಾಲೆ ಬಂಗಾರದ ತೆಳು ಲೇಪ. ನೈಟ್ರಿಕ್ ಆಸಿಡ್ ಹಾಕಿದ್ರ ತಾಮ್ರ ಕರಗಿ ನೀರು ಹಸಿರು-ನೀಲಿ ಆಗ್ತದ, ಬಂಗಾರ ಉಳ್ಳಾಗಡ್ಡಿ ಸಿಪ್ಪಿ ಹಂಗ ತೇಲ್ತದ. ವಿಡಿಯೋದಾಗ ಅದನ್ನ ತೋರಿಸ್ತಾರ, ಆಗ ಏಳೋ ಕಂದು ಹೊಗಿ ಬಗ್ಗೆ ಹೇಳಂಗಿಲ್ಲ. ನನ್ನ ಪರಿಚಯದ ಒಬ್ಬ ಹುಡುಗ ಮುಖಕ್ಕ ಟವೆಲ್ ಕಟ್ಕೊಂಡು ಇದನ್ನ ಮಾಡಿದ, ಸಂಜೀಗೆ ಬರೀ ಕೆಮ್ಮು ಇತ್ತು, ಮಧ್ಯರಾತ್ರಿ ಉಸಿರು ಕಟ್ಟಿ ದವಾಖಾನಿಗೆ ಹೊತ್ಕೊಂಡು ಓಡಿದ್ವಿ. ಆ ಹೊಗಿ ಕುಡಿದು ಎಷ್ಟೋ ತಾಸಾದ ಮ್ಯಾಲೆ ಪುಪ್ಪುಸದಾಗ ನೀರು ತುಂಬ್ತದ್ರಿ, ಟವೆಲ್ ಏನೂ ತಡಿಯಂಗಿಲ್ಲ. ಉಳಿದ ಆಸಿಡ್ ಗಟಾರಕ್ಕ ಸುರಿದ್ರ ಅದು ಹಳ್ಳಕ್ಕ, ಹಳ್ಳದಿಂದ ಯಾರದೋ ನೆಲ್ಲಿನ ಗದ್ದಿಗೆ. ಬೋರ್ಡ್ ಸುಡೋದಂತೂ ಬ್ಯಾಡವೇ ಬ್ಯಾಡ, ಸೀಸ, ಡಯಾಕ್ಸಿನ್ ಅನ್ನೋ ವಿಷ ಎಲ್ಲಾ ಮಕ್ಕಳ ಮೂಗಿಗೆ ಹೋಗ್ತದ.

ದೊಡ್ಡ ಕಾರ್ಖಾನಿಯವ್ರು ಮಾಡೋ ದಾರಿನ ಬ್ಯಾರೆ. ಬೋರ್ಡ್‌ಗಳನ್ನ ಪುಡಿ ಮಾಡಿ ತಾಮ್ರದ ಜೊತಿಗೆ ಕುಲುಮಿಗೆ ಹಾಕ್ತಾರ, ಬಂಗಾರ, ಬೆಳ್ಳಿ, ಪಲಾಡಿಯಂ ಅನ್ನೋ ಬೆಲೆಬಾಳೋ ಲೋಹ ಎಲ್ಲಾ ಕರಗಿದ ತಾಮ್ರದೊಳಗ ಸೇರ್ಕೋತಾವ, ಗಾಜು-ಕಬ್ಬಿಣ ಕಿಟ್ಟ ಆಗಿ ಮ್ಯಾಲೆ ತೇಲ್ತದ. ಆ ತಾಮ್ರದ ಹಲಗಿಗೆ ಆಸಿಡ್ ತೊಟ್ಟಿಯಾಗ ಕರೆಂಟ್ ಕೊಟ್ರ ತಾಮ್ರ ಎದುರಿನ ತಗಡಿಗೆ ಹೋಗಿ ಕೂರ್ತದ, ತಳದಾಗ ಕಪ್ಪು ಕೆಸರು ಉಳೀತದ, ಆನೋಡ್ ಸ್ಲೈಮ್ ಅಂತಾರ, ಬೆಳ್ಳಿ ಬಂಗಾರ ಇರೋದು ಆ ಕೆಸರಿನಾಗ.

ನೀವು ಬ್ಯಾಟರಿ ಬ್ಯಾರೆ ಮಾಡ್ರಿ, ಮೊಬೈಲ್ ಬೋರ್ಡ್ ಬ್ಯಾರೆ, ಕಂಪ್ಯೂಟರ್ ರ‍್ಯಾಮ್ ಬ್ಯಾರೆ, ಕಲಸಿ ಕೊಟ್ರ ರೇಟ್ ಬೀಳ್ತದ. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಾಗೇತಿ, ರಿಜಿಸ್ಟರ್ ಆದ ರೀಸೈಕ್ಲರ್‌ಗೇ ಕೊಡ್ರಿ. ಎರಡು ಚೀಲಕ್ಕ ಅವ್ರು ಗಾಡಿ ಕಳಿಸಲಿಕ್ಕಿಲ್ಲ, ನಿಮ್ಮೂರಿನ ನಾಲ್ಕಾರು ರಿಪೇರಿ ಅಂಗಡಿಯವ್ರು ಕೂಡಿ ಮಾಲು ಒಟ್ಟು ಮಾಡ್ರಿ.

ಪ್ರಶ್ನೆ: ಬಳ್ಳಾರಿ ಕಡಿ ಸ್ಟೀಲ್ ಪ್ಲಾಂಟ್‌ನ ಸ್ಲ್ಯಾಗ್‌ನಾಗೂ (ಕಿಟ್ಟದಾಗೂ) ಬಂಗಾರ ಸಿಗ್ತದಾ?

ಉತ್ತರ: ಇಲ್ರಿ. ಅದು ಸುಣ್ಣ, ಸಿಲಿಕಾ, ಅಲ್ಯುಮಿನಾ, ಸಿಮೆಂಟಿಗೆ ಹೋಗ್ತದ. ಬೆಳ್ಳಿ ಬಂಗಾರ ಸಿಗೋದು ತಾಮ್ರ, ಸೀಸ ಕರಗಿಸೋ ಕಡಿ. ಕರಗಿದ ಸೀಸಕ್ಕ ಸತುವು ಕಲಸಿದ್ರ ಸೀಸದಾಗಿನ ಬೆಳ್ಳಿ ಸತುವಿನ ಜೊತಿ ಸೇರಿ ಹಾಲಿನ ಕೆನಿ ಕಟ್ಟಿದಂಗ ಮ್ಯಾಲೆ ಬರ್ತದ, ಅದನ್ನ ತೆಗೆದು ಸತುವು ಆವಿ ಮಾಡಿ, ಅಂಟಿದ ಸೀಸಾನೂ ಬಿಡಿಸಿದ್ರ ಬೆಳ್ಳಿ ಉಳೀತದ.