ಓದುಗರ ಪ್ರಶ್ನೆ: ನಿರ್ದೇಶಕರ ಪರಿಚಯದಲ್ಲಿ ಏನಿರಬೇಕು?

ಪ್ರಶ್ನೆ: ನಾನು ರೈತ ಉತ್ಪಾದಕರ ಕಂಪನಿಯೊಂದರ ಷೇರುದಾರ. ಈ ಸಲದ ವಾರ್ಷಿಕ ಮಹಾಸಭೆಯ ನೋಟಿಸಿನಲ್ಲಿ ನಿರ್ದೇಶಕ ಸ್ಥಾನಕ್ಕೆ ನಿಂತಿರುವ ಐವರ ಹೆಸರುಗಳಿವೆ. ಪ್ರತಿಯೊಬ್ಬರ ಎದುರಿಗೂ ‘ಪ್ರಗತಿಪರ ಕೃಷಿಕರು, ಸಮಾಜಸೇವಕರು’ ಎಂದಷ್ಟೇ ಬರೆದಿದೆ. ಹಿನ್ನೆಲೆ ಕೇಳಿದರೆ ‘ಎಲ್ಲರೂ ಗೊತ್ತಿರುವವರೇ ಅಲ್ಲವೇ’ ಎನ್ನುತ್ತಾರೆ. ಕೇಳುವ ಹಕ್ಕು ನನಗಿದೆಯೇ?
— ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಖಂಡಿತ ಇದೆ, ನೀವು ಕೇಳುವುದಕ್ಕೆ ಮೊದಲೇ ಅವರು ಕೊಟ್ಟಿರಬೇಕಿತ್ತು. ಉತ್ಪಾದಕರ ಕಂಪನಿಗಳ ನಿಯಮಗಳು 2013ರ ಕಂಪನಿ ಕಾಯ್ದೆಯ 21ಎ ಅಧ್ಯಾಯದಲ್ಲಿವೆ. ಅದರ ಪ್ರಕಾರ ಮಹಾಸಭೆಗೆ ಕನಿಷ್ಠ 14 ದಿನ ಮುಂಚೆ ನೋಟಿಸ್ ಕೊಡಬೇಕು ಮತ್ತು ಕಾರ್ಯಸೂಚಿ, ಹಿಂದಿನ ಸಭೆಯ ನಡಾವಳಿ, ಲೆಕ್ಕಪರಿಶೋಧನೆಯಾದ ಅಢಾವೆ ಪತ್ರಿಕೆಗಳ ಜೊತೆಗೆ ನಿರ್ದೇಶಕ ಸ್ಥಾನದ ಅಭ್ಯರ್ಥಿಗಳ ಹೆಸರನ್ನೂ ಪ್ರತಿಯೊಬ್ಬರ ಅರ್ಹತೆಯ ವಿವರವನ್ನೂ ಲಗತ್ತಿಸಬೇಕು. ‘ಸಮಾಜಸೇವಕರು’ ಎಂಬುದು ಬಸ್ ನಿಲ್ದಾಣದ ಫ್ಲೆಕ್ಸಿಗೆ ಸಾಕಾಗುವ ಮಾತು. ಅದನ್ನು ಅರ್ಹತೆಯ ವಿವರವೆಂದು ಒಪ್ಪಿಕೊಳ್ಳುವುದು ಕಷ್ಟ.

ಆದರೆ ವಿವರ ಸಿಕ್ಕ ಮೇಲೆ ಅದನ್ನು ಓದುವುದು ಹೇಗೆ ಎಂಬುದೇ ದೊಡ್ಡ ಪ್ರಶ್ನೆ. ನಮ್ಮಲ್ಲಿ ಪದವಿ, ಸನ್ಮಾನ, ಎಷ್ಟು ಎಕರೆ ತೋಟ ಎಂಬುದನ್ನು ನೋಡುತ್ತೇವೆ. ನಾನಾದರೆ ಮೊದಲು ನೋಡುವುದು ಆ ವ್ಯಕ್ತಿಗೂ ಕಂಪನಿಗೂ ಇರುವ ವ್ಯವಹಾರವನ್ನು. ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆ ಗೋದಾಮಿಗೆ ಬಂದಾಗ ತೇವಾಂಶ ನೋಡಿ, ಒಂದಿಷ್ಟನ್ನು ಸಿಪ್ಪೆ ಸುಲಿಸಿ ತೂಗಿ, 50 ಕೆ.ಜಿ. ಮೂಟೆಗೆ ಇಷ್ಟು ಕೆ.ಜಿ. ಬೀಜ ಎಂದು ಔಟ್‌ಟರ್ನ್ ಬರೆಯುತ್ತಾರಲ್ಲ, ಅಲ್ಲಿ 27 ಎಂದು ಬರೆಯಬೇಕಾದ ಜಾಗದಲ್ಲಿ 26 ಎಂದು ಬಿದ್ದರೆ ಮೂಟೆಯೊಂದಕ್ಕೆ ಒಂದು ಕೆ.ಜಿ. ಬೀಜದ ಹಣ ಹೋಯಿತು. ಅದೇ ಕಂಪನಿಯಿಂದ ಕಾಫಿ ಕೊಳ್ಳುವ ವ್ಯಾಪಾರಿಯೋ ಅವನ ಮಗನೋ ಆಡಳಿತ ಮಂಡಳಿಯಲ್ಲಿ ಕುಳಿತು ಬೆಲೆಯ ನಿರ್ಣಯಕ್ಕೆ ಕೈ ಎತ್ತುವುದಾದರೆ, ಅವನ ಪರಿಚಯಪತ್ರದಲ್ಲಿ ಮೊದಲು ಇರಬೇಕಾದ ಸಾಲು ಅದೇ. ವ್ಯಾಪಾರಿಯಾಗಿರುವುದು ತಪ್ಪೇನೂ ಅಲ್ಲ, ಮಾರುಕಟ್ಟೆ ತಿಳಿದವರು ಮಂಡಳಿಗೆ ಬೇಕೇ ಬೇಕು. ‘ಕೃಷಿಕರು’ ಎಂಬ ಪದದ ಹಿಂದೆ ಅದನ್ನು ಮುಚ್ಚಿಡುವುದು ತಪ್ಪು.

ಬಾಕಿಯ ವಿಷಯವನ್ನೂ ಕೇಳಿ. ಕಂಪನಿಯಿಂದ ಪಡೆದ ಸಾಲ ಅಥವಾ ಮುಂಗಡವನ್ನು ಮರುಪಾವತಿ ಮಾಡದೆ ಸುಸ್ತಿದಾರನಾದ ನಿರ್ದೇಶಕನ ಸ್ಥಾನ ತೆರವಾಗುತ್ತದೆ ಎಂದು ಕಾಯ್ದೆ ಹೇಳುತ್ತದೆ. ಗೊಬ್ಬರವನ್ನು ಉದ್ರಿ ಒಯ್ದು ವರ್ಷಗಟ್ಟಲೆ ಸುಮ್ಮನಿರುವವರು ಮತ್ತೆ ನಿಂತಿದ್ದರೆ ಸಭೆಯಲ್ಲಿ ಎದ್ದು ಕೇಳುವುದಕ್ಕೆ ಸಂಕೋಚ ಬೇಡ.

ಈಗಾಗಲೇ ಅಧಿಕಾರದಲ್ಲಿರುವವರ ಬಗ್ಗೆ ತಿಳಿಯಲು ನೋಟಿಸಿಗೆ ಕಾಯಬೇಕಾಗಿಲ್ಲ. ನೋಂದಾಯಿತ ಕಚೇರಿಯಲ್ಲಿ ನಿರ್ದೇಶಕರ ರಿಜಿಸ್ಟರ್ ಇರಲೇಬೇಕು. ಅದರಲ್ಲಿ ಅವರ ಉದ್ಯೋಗ ಮತ್ತು ಬೇರೆ ಕಂಪನಿಗಳಲ್ಲಿ ಹೊಂದಿರುವ ಸ್ಥಾನಗಳು ದಾಖಲಾಗಿರಬೇಕು. ಕಚೇರಿಯ ವೇಳೆಯಲ್ಲಿ ಸದಸ್ಯರು ಅದನ್ನು ನೋಡಬಹುದು, ಪ್ರತಿ ಕೇಳಿದರೆ 30 ದಿನದೊಳಗೆ ಉಚಿತವಾಗಿ ಕೊಡಬೇಕು. ಬಾಯಿಮಾತಿನಲ್ಲಿ ಕೇಳದೆ ಒಂದು ಅರ್ಜಿ ಬರೆದು, ನಕಲಿನ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ.

ಪ್ರಶ್ನೆ: ನಮ್ಮ ಉತ್ಪಾದಕರ ಕಂಪನಿಯ ಮಂಡಳಿಗೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರನ್ನು ತಜ್ಞ ನಿರ್ದೇಶಕರೆಂದು ಸೇರಿಸಿಕೊಂಡಿದ್ದಾರೆ. ಅವರಿಗೆ ಒಂದು ಗುಂಟೆ ತೋಟವೂ ಇಲ್ಲ. ಇದು ಸರಿಯೇ?
— ಸದಸ್ಯರೊಬ್ಬರು, ಸಕಲೇಶಪುರ

ಉತ್ತರ: ಕಾನೂನಿನ ಪ್ರಕಾರ ಸರಿ. ಉತ್ಪಾದಕರ ಕಂಪನಿಯಲ್ಲಿ 5ರಿಂದ 15 ನಿರ್ದೇಶಕರಿರಬಹುದು; ಒಟ್ಟು ಸಂಖ್ಯೆಯ ಐದನೇ ಒಂದು ಭಾಗ ಮೀರದಂತೆ ತಜ್ಞರನ್ನು ಮಂಡಳಿಯೇ ಸೇರಿಸಿಕೊಳ್ಳಬಹುದು. ಅಧ್ಯಕ್ಷರ ಆಯ್ಕೆಯಲ್ಲಿ ಅವರಿಗೆ ಮತವಿಲ್ಲ. ದುಡಿಯುವ ಬಂಡವಾಳದ ಸಾಲಕ್ಕೆ ಅರ್ಜಿ ಹಾಕುವಾಗ ಬ್ಯಾಂಕಿನವರು ಯಾವ ಕಾಗದಕ್ಕೆ ತಕರಾರು ತೆಗೆಯುತ್ತಾರೆ ಎಂಬುದನ್ನು ತೋಟ ನೋಡಿಕೊಂಡ ನಮಗಿಂತ ಅವರು ಬಲ್ಲರು. ಅವರು ಸಾಲ ವಿಭಾಗದಲ್ಲಿ ಕೆಲಸ ಮಾಡಿದ್ದರೇ, ಎಷ್ಟು ಕಾಲ ಮಾಡಿದ್ದರು ಎಂದು ಮಾತ್ರ ವಿಚಾರಿಸಿ. ಎಲ್ಲ ಬ್ಯಾಂಕ್ ನೌಕರಿಯೂ ಒಂದೇ ಬಗೆಯ ಅನುಭವ ಕೊಡುವುದಿಲ್ಲ.

ಪ್ರಶ್ನೆ: ಕಾಫಿ ಮಂಡಳಿಯ ಸದಸ್ಯರೆಲ್ಲರೂ ಬೆಳೆಗಾರರೇ?
— ಓದುಗರು, ಹಾಸನ

ಉತ್ತರ: ಅಲ್ಲ. 1942ರ ಕಾಫಿ ಕಾಯ್ದೆಯಡಿ ಕೇಂದ್ರ ಸರ್ಕಾರ ರಚಿಸಿರುವ ಈ ಮಂಡಳಿಯಲ್ಲಿ ಅಧ್ಯಕ್ಷರೂ ಸೇರಿ 33 ಸದಸ್ಯರು. ಬೆಳೆಗಾರರಲ್ಲದೆ ವ್ಯಾಪಾರ, ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಣಾ ಘಟಕಗಳು), ಕಾರ್ಮಿಕರು, ಬಳಕೆದಾರರು, ಕಾಫಿ ಬೆಳೆಯುವ ರಾಜ್ಯಗಳ ಸರ್ಕಾರಗಳು ಮತ್ತು ಸಂಸತ್ತಿನ ಪರವಾಗಿಯೂ ಸದಸ್ಯರಿರುತ್ತಾರೆ. ಆದ್ದರಿಂದ ‘ನಮ್ಮ ಜಿಲ್ಲೆಯವರೊಬ್ಬರು ಮಂಡಳಿಯಲ್ಲಿದ್ದಾರೆ’ ಎಂದು ಯಾರಾದರೂ ಹೇಳಿದಾಗ, ಅವರು ಯಾವ ವರ್ಗದ ಪ್ರತಿನಿಧಿಯಾಗಿ ಹೋಗಿದ್ದಾರೆಂದು ಕೇಳಿಕೊಳ್ಳಿ; ಜಿಲ್ಲೆ ಒಂದೇ ಆದರೂ ತೋಟದ ಮಾಲೀಕರೂ ತೋಟದ ಕಾರ್ಮಿಕರ ಪ್ರತಿನಿಧಿಯೂ ಅಲ್ಲಿ ಆಡುವ ಮಾತು ಒಂದೇ ಆಗಿರಲಾರದು.